ಬಲಗೈ ಬೆರಳು

8 ಮಾರ್ಚ್ 1982, ಸೋಮವಾರ. ತರೀಕೆರೆ

ಔಷಧಿ ಕಂಪನಿಯವರು ಜನವರಿಯಲ್ಲಿ ಕೊಟ್ಟ ಡೈರಿ ಇದು. ಇವತ್ತಿನವರೆಗೆ ಖಾಲಿ. ಅವ್ವ ಹೋದ ದಿನದ ಪುಟವೂ ಖಾಲಿ. ಅಲ್ಲಿ ಏನಾದರೂ ಬರೆಯೋಣವೆಂದು ಪೆನ್ನು ಹಿಡಿದು ಕೂತೆ. ಏನೂ ತೋಚಲಿಲ್ಲ. ಹಾಳೆ ತಿರುವಿ ಇಲ್ಲಿಗೆ ಬಂದೆ.

ಕಾಲೇಜಿನಿಂದ ಹೊಸ ಹುಡುಗ ಬಂದ. ಹೆಸರು ಈರಭದ್ರಪ್ಪ. ಹೊಸದುರ್ಗದ ಕಡೆಯವನು, ಶಸ್ತ್ರಚಿಕಿತ್ಸೆಯಲ್ಲಿ ಎಂ.ಎಸ್. ಓದುತ್ತಿದ್ದಾನೆ. ಆರು ತಿಂಗಳು ನನ್ನ ಕೈಕೆಳಗೆ ಇರಬೇಕು. ಮೂತ್ರಕೋಶ, ಪ್ರಾಸ್ಟೇಟ್, ಗಂಡಸರ ಅಂಗ, ಇವುಗಳ ಕ್ಯಾನ್ಸರನ್ನು ಬೇಗ ಗುರುತು ಹಿಡಿಯುವುದು, ಆಮೇಲೆ ಆಪರೇಷನ್ ಮಾಡುವುದು, ಇಷ್ಟನ್ನು ಕಲಿಸಿ ವಾಪಸು ಕಳಿಸಬೇಕು. ಬೆಂಗಳೂರಿನಲ್ಲಿ ನಾನು ಕಲಿತದ್ದು ಅದೇ ತಾನೆ. ಗಂಡಸರ ಈ ಕೆಲಸಕ್ಕೆ ಮಠದವರ ಧರ್ಮಾಸ್ಪತ್ರೆಯಲ್ಲಿ ಹೆಂಗಸನ್ನು ಯಾಕೆ ಇಟ್ಟುಕೊಂಡಿದ್ದಾರೆ ಎಂಬ ಪ್ರಶ್ನೆ ಅವನ ಮುಖದ ಮೇಲೇ ಇತ್ತು. ಕೇಳಲಿಲ್ಲ. ಕೇಳಿದ್ದರೆ, ಬೇರೆ ಯಾರೂ ಬರಲಿಲ್ಲ ಕಣಪ್ಪಾ ಅನ್ನುತ್ತಿದ್ದೆ.

ಅಪ್ಪ ಮಧ್ಯಾಹ್ನ ಅರ್ಧ ಊಟಕ್ಕೇ ಎದ್ದರು. ಸಾರಿಗೆ ಉಪ್ಪೇ ಬಿದ್ದಿರಲಿಲ್ಲವಂತೆ. ನಾನು ಪೂರ್ತಿ ಉಂಡಿದ್ದೆ, ನನಗೆ ಗೊತ್ತಾಗಲಿಲ್ಲ.

12 ಮಾರ್ಚ್

ಈರಭದ್ರಪ್ಪನಿಗೆ ಮೊದಲ ಪಾಠ. ಮೂತ್ರಕೋಶದ ಕೆಳಗೆ ಅಡಕೆ ಗಾತ್ರದ ಗ್ರಂಥಿ, ಅದೇ ಪ್ರಾಸ್ಟೇಟ್. ಕ್ಯಾನ್ಸರ್ ಅಲ್ಲಿ ಸದ್ದಿಲ್ಲದೆ ಕೂರುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ಹೊತ್ತಿಗೆ ಮೂಳೆಗೆ ಇಳಿದಿರುತ್ತದೆ. ಮೊದಲೇ ಹಿಡಿಯಬೇಕೆಂದರೆ ಇರುವುದು ಒಂದೇ ಸಾಧನ, ಬೆರಳು. ಹಿಂದಿನಿಂದ ಒಳಗೆ ಬೆರಳಿಟ್ಟು ಮುಟ್ಟಿ ನೋಡಬೇಕು. ಮೂಗಿನ ತುದಿಯ ಹಾಗೆ ಮೆತ್ತಗಿದ್ದರೆ ಸರಿ, ಹಣೆಯ ಹಾಗೆ ಗಟ್ಟಿ ಹತ್ತಿದರೆ ಬಿಡಬಾರದು. ತನ್ನ ಮೂಗು ಹಣೆ ಮುಟ್ಟಿ ನೋಡಿಕೊಂಡ. ಬುದ್ಧಿವಂತ, ಓದಿಕೊಂಡಿದ್ದಾನೆ.

ವಾರಕ್ಕೆರಡು ದಿನ ಹೊರಗಿನ ಊರುಗಳಲ್ಲಿ ತಪಾಸಣೆ. ಸೋಮವಾರ ಕಡೂರಿನ ಛತ್ರದ ಹಿಂದಿನ ಕೋಣೆ, ಗುರುವಾರ ಅಜ್ಜಂಪುರದ ಸೊಸೈಟಿ ಗೋಡೌನು. ಎರಡು ಕಡೆಯೂ ಪರದೆ ಕಟ್ಟಿಸಿದ್ದೇನೆ. ಮುದುಕರು ನನ್ನ ಎದುರು ಧೋತ್ರ ಸಡಿಲಿಸುವುದಿಲ್ಲ. ಹಾಗಾಗಿ ಪರದೆಯ ಒಳಗೆ ಅವನು, ಹೊರಗೆ ನಾನು. ಅವನು ಕೂಗಿ ಹೇಳಿದ್ದನ್ನು ಚೀಟಿಯಲ್ಲಿ ಬರೆಯುತ್ತೇನೆ.

26 ಮಾರ್ಚ್

ಯುಗಾದಿ. ನಮಗೆ ಈ ವರ್ಷ ಹಬ್ಬವಿಲ್ಲ. ಪಕ್ಕದ ಮನೆಯ ಹನುಮಂತಮ್ಮ ಹೋಳಿಗೆ ತಂದುಕೊಟ್ಟು, 'ಅವ್ವನ್ನ ನೆನೆಸ್ಕಂಡು ಒಂದ್ಸಲ ಅತ್ತುಬಿಡೇ ತಾಯಿ, ಹಗುರಾಗ್ತೀಯ' ಅಂದರು. ಆಗಲಿ ಅಂದೆ. ಅಳು ಎಲ್ಲಿಂದ ತರುವುದು. ಹೋಳಿಗೆಯನ್ನು ಈರಭದ್ರಪ್ಪನಿಗೆ ಕಳಿಸಿದೆ.

9 ಏಪ್ರಿಲ್

ಬೆಳಗಿನ ಜಾವ ಹಿತ್ತಲಲ್ಲಿ ಬಟ್ಟೆ ಕುಕ್ಕುವ ಸದ್ದು. ಹೋಗಿ ನೋಡಿದರೆ ಅಪ್ಪ ಕಲ್ಲಿನ ಮುಂದೆ ಕೂತು ಧೋತ್ರ ಒಗೆಯುತ್ತಿದ್ದಾರೆ. ಸಿಂಗಟಗೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡು ಊರಿಗೆಲ್ಲ ಶಿವಮೂರ್ತಪ್ಪನವರಾಗಿ ಬಾಳಿದ ಮನುಷ್ಯ, ಅವ್ವ ಹಾಸಿಗೆ ಹಿಡಿಯುವವರೆಗೆ ಕರವಸ್ತ್ರ ಒಗೆದವರಲ್ಲ. ನನ್ನನ್ನು ಕಂಡು ಬಕೆಟ್ಟನ್ನು ಮರೆಗೆ ತಳ್ಳಿದರು.

'ಏನಪ್ಪ ಇದು?'

'ಕಾಫಿ ಚೆಲ್ಕಂಡೆ ಕಣೇ, ಹೋಗು.'

ಕಾಫಿ ಇನ್ನೂ ಕಾಸಿರಲಿಲ್ಲ. ಎಷ್ಟು ದಿನದಿಂದ ಹೀಗೆ, ಧಾರೆ ಸಣ್ಣಗೆ ಬರುತ್ತದಾ, ರಾತ್ರಿ ಎಷ್ಟು ಸಲ ಏಳುತ್ತೀರಿ, ಎಲ್ಲ ಕೇಳಿದೆ. ಹೊರಗಿನ ರೋಗಿಗೆ ಕೇಳಿದ ಹಾಗೇ ಕೇಳಿದೆ. ಅಪ್ಪ ಎದ್ದು ಗೇಟಿನ ಹತ್ತಿರ ಹೋಗಿ ನಿಂತರು.

14 ಏಪ್ರಿಲ್, ಬುಧವಾರ

ಐದು ದಿನ ಹೇಳಿ ಹೇಳಿ ಸಾಕಾಯಿತು. ಕಡೆಗೆ ಒಪ್ಪಿದರು. 'ಆ ಹುಡುಗ ನೋಡ್ಲಿ. ನೀನು ಆ ಕೋಣೆ ಕಡೆ ಸುಳೀಬ್ಯಾಡ.' ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಈರಭದ್ರಪ್ಪ ಹೊರಬಂದು, 'ನಾರ್ಮಲ್ ಮೇಡಂ, ವಯಸ್ಸಿಗೆ ಊದಿಕೊಂಡಿದೆ ಅಷ್ಟೆ' ಅಂದ. ಅಪ್ಪ ಅವನ ಹಿಂದೆ ಬಂದರು. 'ಪಾಸಾದೆ ಕಣವ್ವ' ಅಂದು ನಕ್ಕರು. ಅವ್ವ ಹೋದಮೇಲೆ ಅವರು ನಕ್ಕದ್ದು ಇದೇ ಮೊದಲು.

ಸಮಾಧಾನ ಆಗಬೇಕಿತ್ತು. ಆಗಿರಬಹುದು. ಮಧ್ಯಾಹ್ನ ಎರಡು ಹರ್ನಿಯಾ ಆಪರೇಷನ್ ಮಾಡಿದೆ.

3 ಮೇ

ಸೆಕೆ. ಕಡೂರಿನಲ್ಲಿ ಜನ ಕಡಿಮೆ. ಎಲ್ಲ ನಾರ್ಮಲ್.

2 ಜೂನ್

ಅಜ್ಜಂಪುರದ ಬೀಡಿ ಅಂಗಡಿಯವನಿಗೆ ಮೂತ್ರದಲ್ಲಿ ರಕ್ತ. ಮೂತ್ರಕೋಶದಲ್ಲಿ ಗಡ್ಡೆ. ಈರಭದ್ರಪ್ಪ ಚೆನ್ನಾಗಿ ಅಸಿಸ್ಟ್ ಮಾಡಿದ. ಹೊಲಿಗೆ ಹಾಕುವಾಗ ಅವನ ಕೈ ನೋಡುವುದೇ ಒಂದು ಚೆಂದ. ಆದರೆ ಬಂದಾಗಿನಿಂದ ಒಂದು ಪ್ರಾಸ್ಟೇಟ್ ಕೇಸನ್ನೂ ಹಿಡಿದಿಲ್ಲ. ಈ ಸೀಮೆಯ ಮುದುಕರೆಲ್ಲ ಇಷ್ಟು ಗಟ್ಟಿಮುಟ್ಟಾ?

19 ಜುಲೈ, ಸೋಮವಾರ. ಕಡೂರಿನಿಂದ ಬಂದು

ಯಗಟಿಯ ಬೀರಪ್ಪನನ್ನು ಮಗ ಬಸ್ಸಿನಿಂದ ಹೆಗಲ ಮೇಲೆ ಹೊತ್ತು ತಂದ. ಕುರಿ ಕಾಯುವ ಮನುಷ್ಯ, ಎಲುಬಿನ ಹಂದರ. ಸೊಂಟದ ನೋವು ಸಾಲದು ಅಂತ ಕಾಲಿನ ಶಕ್ತಿಯೂ ಹೋಗಿದೆ. ಮಾರ್ಚಿನಲ್ಲಿ ನಡೆದುಕೊಂಡೇ ಬಂದು ತೋರಿಸಿದ್ದ, ಮೂತ್ರ ಕಟ್ಟುತ್ತೆ ಅಂತ. ಚೀಟಿಯಲ್ಲಿ ನನ್ನದೇ ಅಕ್ಷರ: ನಾರ್ಮಲ್.

ಈರಭದ್ರಪ್ಪ ಆಚೆ ಇಂಜೆಕ್ಷನ್ ಕೊಡುತ್ತಿದ್ದ. ನಾನೇ ಪರದೆಯ ಒಳಗೆ ಹೋದೆ. ಹೆಂಗಸು ಎಂದು ಬೀರಪ್ಪ ಎಗರಾಡಲಿಲ್ಲ. 'ಯಾರಾದ್ರೂ ನೋಡು ನನ್ನವ್ವ, ಈ ನೋವೊಂದು ಹೋಗ್ಲಿ' ಅಂದ. ನೋಡಿದೆ. ಕಲ್ಲು. ಗ್ರಂಥಿಯ ಎರಡು ಕಡೆಯೂ ಕಲ್ಲಿನ ಹಾಗೆ ಗಟ್ಟಿ.

ಹೊರಗೆ ಬಂದು ಈರಭದ್ರಪ್ಪನನ್ನು ಕೇಳಿದೆ. 'ಮಾರ್ಚಲ್ಲಿ ಹಿಂಗಿರ್ಲಿಲ್ಲ ಮೇಡಂ' ಅಂದ. ನಾಲ್ಕು ತಿಂಗಳಲ್ಲಿ ಆಗುವಂಥದ್ದಲ್ಲ ಇದು. ಅವನು ಸುಳ್ಳು ಹೇಳುವ ಹುಡುಗನೂ ಅಲ್ಲ. ಬೀರಪ್ಪನನ್ನು ಜೀಪಿನಲ್ಲಿ ಕರೆತಂದು ವಾರ್ಡಿಗೆ ಸೇರಿಸಿದೆವು.

20 ಜುಲೈ

ಬೀರಪ್ಪನಿಗೆ ಹೇಳುವ ಕೆಲಸ. ರೋಗಿಯ ಮುಂದೆ ಕೂತು, ಕಣ್ಣು ನೋಡಿ, ಇರುವುದನ್ನು ಇದ್ದ ಹಾಗೆ ಹೇಳಬೇಕು, ಮಗನಿಗೆ ಹೇಳಿ ಕೈತೊಳೆದುಕೊಳ್ಳಬಾರದು. ಇದೂ ಪಾಠವೇ. ಈರಭದ್ರಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಕ್ಯಾನ್ಸರು ಮೂಳೆಗೆ ಹೋಗಿದೆ, ವಾಸಿಯಾಗುವುದಿಲ್ಲ, ಆದರೆ ಬೀಜ ಎರಡೂ ತೆಗೆದರೆ ನೋವು ಇಳಿಯುತ್ತದೆ ಅಂದೆ.

ಬೀರಪ್ಪ ಕೇಳಿದ, 'ಟಗರಿಗೆ ಒಡೀತೀವಲ್ಲ, ಹಂಗಾ?'

'ಹೂಂ. ನಿನಗೆ ಮಾತ್ರ ಮತ್ತು ಬರೋ ಮದ್ದು ಕೊಟ್ಟು ಮಾಡ್ತೀವಿ.'

'ಜೀವಮಾನ ಎಲ್ಲ ಒಡ್ದೀನಿ ಕಣವ್ವ. ಅವುನ್ನ ಒಂದು ಮಾತು ಕೇಳ್ಳಿಲ್ಲ. ನೀನು ಕೇಳ್ತಿದೀಯಲ್ಲ, ಮಾಡು.'

ಮಗ ಅತ್ತುಕೊಂಡು ಹೊರಗೆ ಹೋದ. ಈರಭದ್ರಪ್ಪನ ಕಣ್ಣೂ ಕೆಂಪಾಗಿತ್ತು. ನಾನು ಹೆಬ್ಬೆಟ್ಟಿನ ಗುರುತು ಹಾಕಿಸಿಕೊಂಡೆ.

24 ಜುಲೈ

ಆಪರೇಷನ್ ಆದ ಮಾರನೆಯ ದಿನವೇ ಬೀರಪ್ಪನ ನೋವು ಇಳಿಯಿತು. ಪುಸ್ತಕದಲ್ಲಿ ಓದಿದ್ದರೂ ನೋಡಿದಾಗೆಲ್ಲ ಆಶ್ಚರ್ಯವೇ. ಇವತ್ತು ಮುದ್ದೆ ಕೇಳಿದ, ಜತೆಗೆ ಉಪ್ಪೆಸರು. ಕಾಲು ಮಾತ್ರ ಬರಲಿಲ್ಲ. ಬರುವುದೂ ಇಲ್ಲ.

ಅಪ್ಪನಿಗೂ ಅವನಿಗೂ ದೋಸ್ತಿಯಾಗಿದೆ. ಕೊಬ್ಬರಿ ರೇಟು, ಕುರಿ ರೇಟು ಮಾತಾಡುತ್ತ ವಾರ್ಡಿನಲ್ಲೇ ಕೂತಿರುತ್ತಾರೆ.

27 ಜುಲೈ

ಗ್ಲೌಸಿನ ವಿಷಯ. ಇವತ್ತು ಬರೆದುಬಿಡಬೇಕು.

ನಮ್ಮದು ಧರ್ಮದ ಆಸ್ಪತ್ರೆ, ಗ್ಲೌಸನ್ನು ತೊಳೆದು ಒಣಗಿಸಿ ಪೌಡರು ಹಾಕಿ ಮತ್ತೆ ಬಳಸುತ್ತೇವೆ. ಬೆಳಗ್ಗೆ ಸಿಸ್ಟರ್ ಕಮಲಾಕ್ಷಮ್ಮ ನನ್ನ ಮೇಜಿನ ಮೇಲೆ ಒಂದು ರಾಶಿ ತಂದು ಸುರಿದರು.

'ನೀವೇ ನೋಡಿ ಮೇಡಂ. ಎಡಗೈವು ಪೂರಾ ಹರಿದು ಚಿಂದಿಯಾಗವೆ. ಬಲಗೈವು ಹೊಸ ಮದ್ಲಿಂಗಿತ್ತಿ ಥರ ಕೂತವೆ. ನಾನು ಜೋಡಿ ಕಟ್ಟೋದೆಂಗೆ?'

'ಎಡಗೈವು ಯಾಕೆ ಹರಿಯುತ್ತವೆ?'

'ಕಡೂರು ಅಜ್ಜಂಪುರಕ್ಕೆ ಹೋದಾಗ ಡಾಕ್ಟ್ರು ಎಡಗೈಗೇ ಹಾಕ್ಕಳ್ಳದು ಕಣ್ರೀ. ಬಲಗೈದು ಮುಟ್ಟಲ್ಲ.'

ಈರಭದ್ರಪ್ಪನನ್ನು ಕರೆಸಿದೆ. ಮುದುಕರನ್ನು ಯಾವ ಕೈಯಲ್ಲಿ ನೋಡುತ್ತೀಯ ಅಂದೆ. ಎಡಗೈ ಎತ್ತಿ ತೋರಿಸಿದ. ಮುಚ್ಚಿಡಬೇಕೆಂದು ಅವನಿಗೆ ಹೊಳೆದೇ ಇಲ್ಲ.

'ಯಾಕೋ?'

'ಬಲಗೈಲಿ ಊಟ ಮಾಡ್ತೀವಲ್ಲ ಮೇಡಂ.' ನಾನು ಕೇಳಿದ್ದೇ ವಿಚಿತ್ರ ಅನ್ನುವ ಹಾಗೆ ನೋಡಿದ. 'ಆ ಕೆಲ್ಸಕ್ಕೆಲ್ಲ ಎಡಗೈ ಅಂತ ಚಿಕ್ಕಂದಿನಿಂದ...'

'ಬೆಳಗ್ಗೆ ಲಿಂಗಪೂಜೆ ಮಾಡ್ತೀಯಲ್ಲ, ಲಿಂಗ ಯಾವ ಕೈ ಮೇಲೆ ಇಟ್ಕೋತೀಯ?'

ಅವನು ಲಿಂಗ ಹಿಡಿಯುವ ಎಡಗೈ ನೋಡಿಕೊಂಡ. ಬಲಗೈ ನೋಡಿಕೊಂಡ.

'ಅದೂ ಬೇಡ, ಇದೂ ಬೇಡ ಅಂದ್ರೆ ಕಾಲಲ್ಲಿ ನೋಡ್ತೀಯೇನಪ್ಪಾ?' ಅಂದೆ. 'ಹೊಲಿಗೆ ಹಾಕೋದು ಬಲಗೈ. ಗಂಟು ಕಟ್ಟೋದು ಬಲಗೈ. ಗಡ್ಡೆ ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ಹೊಟ್ಟೆ ಮೇಲೆ ತಡವಿ ಹೇಳೋದೂ ಬಲಗೈ. ಕಲಿತಿರೋದು ಅದು. ಎಡಗೈ ಬೆರಳಿಗೆ ಏನೋ ಗೊತ್ತು? ಅದು ಬರೀ ಒಳಗೆ ಹೋಗಿ ಬಂತು.'

ಅವನಿಗೆ ಈಗ ಅರ್ಥವಾಯಿತು. 'ಹಂಗಾರೆ ಬೀರಪ್ಪ...' ಅಂದ. ಆಮೇಲೆ, 'ಮೇಡಂ, ನಿಮ್ಮ ತಂದೆಯವರು...'

'ಹೋಗು' ಅಂದೆ.

ಅವನ ಮೇಲೆ ಕೋಪ ಬರಬೇಕಿತ್ತು. ಬರಲಿಲ್ಲ. ಪರದೆಯ ಹೊರಗೆ ನಿಂತು ಬರೆದುಕೊಂಡವಳು ನಾನು. ಪಾಠ ಹೇಳುವಾಗ ಬೆರಳು ಅಂದೆ, ಯಾವ ಕೈಯದು ಅಂತ ಹೇಳಲಿಲ್ಲ. ಇಂಥದ್ದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು.

28 ಜುಲೈ

ನೋಡಿದವರನ್ನೆಲ್ಲ ಮತ್ತೆ ಕರೆಸಲು ಊರೂರಿಗೆ ಕಾರ್ಡು ಹಾಕಿದೆವು. ಅಪ್ಪನಿಗೆ ಹೇಳಬೇಕು.

30 ಜುಲೈ

ಹೇಳಲಿಲ್ಲ.

2 ಆಗಸ್ಟ್

ಕಡೂರು. ಈಗ ಈರಭದ್ರಪ್ಪ ಬಲಗೈಯಲ್ಲಿ ನೋಡುತ್ತಾನೆ, ನಾನು ಪರದೆಯ ಒಳಗೇ ನಿಲ್ಲುತ್ತೇನೆ. ಮುದುಕರು ಗೊಣಗಿದರು. ಗೊಣಗಲಿ ಅಂದೆ. ಒಬ್ಬನಲ್ಲಿ ಗಟ್ಟಿ ಸಿಕ್ಕಿತು. ನಾನೂ ನೋಡಿದೆ, ಇತ್ತು. ಈರಭದ್ರಪ್ಪ ಮಧ್ಯಾಹ್ನ ಉಣ್ಣಲಿಲ್ಲ. ಕೈ ಅಸಹ್ಯವೆಂದಲ್ಲ ಮೇಡಂ, ಬೀರಪ್ಪ ನೆನಪಾಗುತ್ತಾನೆ ಅಂದ.

ಮನೆಗೆ ಬಂದರೆ ಅಪ್ಪ ಮತ್ತೆ ಧೋತ್ರ ಒಣಹಾಕುತ್ತಿದ್ದರು. ಧೋತ್ರದ ಇನ್ನೊಂದು ತುದಿ ನಾನು ಹಿಡಿದೆ. ಹೇಳಲು ಬಾಯಿ ತೆಗೆದೆ, ಮಳೆ ಬರುವ ಹಾಗಿದೆ ಅಂದೆ.

6 ಆಗಸ್ಟ್

ಹೇಳಿದೆ. ಊಟಕ್ಕೆ ಕೂತಾಗ ಹೇಳಿದೆ, ಅದೇ ತಪ್ಪು.

ಅಪ್ಪ ಮೊದಲು ನಕ್ಕರು. 'ಎಡಗೈಲಿ ನೋಡಿದ್ನಾ? ಒಳ್ಳೆ ಡಾಕ್ಟ್ರು ಕಣಮ್ಮ.' ಆಮೇಲೆ ತಟ್ಟೆ ಸರಿಸಿದರು. 'ಒಂದ್ಸಲ ಮಾನ ಬಿಟ್ಟು ಮಲಗಿದ್ದಾಯ್ತು. ಇನ್ನೊಂದ್ಸಲ ಆಗಲ್ಲ.'

'ಶಿವಮೊಗ್ಗಕ್ಕೆ ಹೋಗೋಣ. ಗುರುತಿಲ್ಲದವರು ನೋಡಲಿ.'

'ಆಗಲ್ಲ ಅಂದೆನಲ್ಲ.'

'ಹಾಗಾದ್ರೆ ನಾನು ನೋಡ್ತೀನಿ.'

'ಥೂ! ಹೆತ್ತ ಮಗಳ ಮುಂದೆ ಧೋತ್ರ ಬಿಚ್ಚು ಅಂತೀಯಾ? ನಾಲಿಗೆ ಹೆಂಗೆ ಬಂತೇ ನಿನಗೆ?'

ನನಗೆ ಏನಾಯಿತೋ ಗೊತ್ತಿಲ್ಲ. ಸೌಟು ನೆಲಕ್ಕೆ ಬಡಿದು ಕೂಗಿದೆ. ಹೌದು, ಬಿಚ್ಚಿ ಅಂತೀನಿ. ಕಡೂರು, ಅಜ್ಜಂಪುರ ಎಲ್ಲಾ ಕಡೆ ಮುದುಕರ ಹಿಂದೆ ಬಿದ್ದು ಕಾಡಿ ಬೇಡಿ ನೋಡ್ತೀನಿ, ನನ್ನಪ್ಪನ್ನ ಮಾತ್ರ ನೋಡೋ ಹಂಗಿಲ್ವಾ? ಬೀರಪ್ಪನ ಥರ ಮಲಗಿಬಿಡ್ತೀರಾ? ಅವ್ವ ಮಲಗಿದ್ದು ಸಾಲಲಿಲ್ವಾ? ನೀವೂ ಮಲಗಿದ್ರೆ ನನಗ್ಯಾರಿದಾರೆ? ಹನುಮಂತಮ್ಮ ತಮ್ಮ ಮನೆಯ ಕಿಟಕಿಯಿಂದ ಇಣುಕಿದರು. ನಾನು ಕಿಟಕಿಗೂ ಬೈದೆ.

ಅಪ್ಪ ಎದ್ದು ಹೋದರು. ಸಾರು ತಣ್ಣಗಾಗಿತ್ತು, ಖಾರ ಜಾಸ್ತಿಯಾಗಿತ್ತು. ಮಾವಿನಕಾಯಿ ಉಪ್ಪಿನಕಾಯಿ ಹಾಕಿಕೊಂಡು ಎರಡು ಸಲ ಅನ್ನ ಬಡಿಸಿಕೊಂಡೆ. ಜಗಳಕ್ಕೆ ಹಸಿವಾಗುತ್ತದೆಂದು ಕಾಣುತ್ತದೆ.

7 ಆಗಸ್ಟ್

ಅಪ್ಪ ಹಗಲೆಲ್ಲ ವಾರ್ಡಿನಲ್ಲಿ ಬೀರಪ್ಪನ ಮಂಚದ ಪಕ್ಕ. ನಾನು ರೌಂಡ್ಸಿಗೆ ಹೋದಾಗ ಬೀರಪ್ಪ ಅವರಿಗೆ ಹೇಳುತ್ತಿದ್ದ, 'ಮದ್ಲೇ ಸಿಕ್ಕಿದ್ರೆ ಕಾಲು ಉಳೀತಿತ್ತಂತೆ ಯಜಮಾನ್ರೆ. ಮಗನ ಬೆನ್ನ ಮ್ಯಾಲೆ ಬಯಲಿಗೆ ಹೋಗೋದು ನೋಡಿ, ಅದೇ ನಾಚ್ಕೆ ನನಗೆ.'

8 ಆಗಸ್ಟ್, ಭಾನುವಾರ

ಹೊರರೋಗಿಗಳಿಲ್ಲದ ದಿನ. ಅಪ್ಪ ಬೇಗ ಸ್ನಾನ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಮದುವೆಗೆ ಹೊರಟವರ ಹಾಗೆ ಮಡಿಸಿಟ್ಟ ಧೋತ್ರ ಉಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು.

'ನಡಿ.'

'ಎಲ್ಲಿಗಪ್ಪ?'

'ಎಲ್ಲಿಗೆ ಅಂದ್ರೆ? ನಿನ್ನ ಆಸ್ಪತ್ರೆಗೆ. ನೀನೇ ನೋಡು. ನನ್ನ ಮನಸ್ಸು ತಿರುಗೋದ್ರೊಳಗೆ ನೋಡು.'

ಒಲೆ ಆರಿಸಿ ಹಾಗೇ ಹೊರಟೆ. ಕೋಣೆಯ ಬಾಗಿಲು ಹಾಕಿದೆ. ಅಪ್ಪ ಮಂಚ ಹತ್ತಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಲಿಂಗದ ಕರಡಿಗೆಯನ್ನು ಎದೆಯ ಹತ್ತಿರ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಕಾಲು ಎಷ್ಟು ಸಣ್ಣಗಾಗಿವೆ. ಇಷ್ಟು ದಿನ ಒಂದೇ ಮನೆಯಲ್ಲಿದ್ದು ನಾನು ನೋಡಿರಲಿಲ್ಲ. ಗ್ಲೌಸ್ ಹಾಕಿಕೊಂಡೆ. ಈಗ ನೋಡ್ತೀನಿ ಅಪ್ಪ, ಉಸಿರು ಬಿಡಿ ಅಂದೆ.

ಬಲಭಾಗದಲ್ಲಿ ಹುಣಸೆ ಬೀಜದಷ್ಟು ಗಟ್ಟಿ. ಸುತ್ತ ಮೆತ್ತಗಿದೆ, ಅಂಚು ನಯವಾಗಿದೆ. ಇನ್ನೂ ಹೊರಗೆ ದಾಟಿದ ಹಾಗಿಲ್ಲ. ದಾಟಿದೆಯೋ ಇಲ್ಲವೋ, ಬೆಂಗಳೂರಿನಲ್ಲಿ ಚೂರು ತೆಗೆದು ನೋಡಬೇಕು, ಬೆನ್ನಿನ ಎಕ್ಸ್‌ರೇ ಆಗಬೇಕು. ಇಷ್ಟೆಲ್ಲ ತಲೆಯಲ್ಲಿ ಸಾಲಾಗಿ ಬಂತು. ಬಾಯಿಗೆ ಒಂದೂ ಬರಲಿಲ್ಲ. ಧೋತ್ರ ಸರಿಮಾಡಿದೆ. ಎದುರು ಕೂತು ಹೇಳಬೇಕು, ಕಣ್ಣು ನೋಡಿ ಹೇಳಬೇಕು. ಅಪ್ಪನ ಬೆನ್ನ ಹಿಂದೆಯೇ ನಿಂತಿದ್ದೆ.

'ಏನಾಯ್ತವ್ವ?' ಅಪ್ಪ ತಿರುಗಲಿಲ್ಲ.

ಗ್ಲೌಸ್ ಬಿಚ್ಚಿ ಬಟ್ಟಲಿಗೆ ಹಾಕಿದೆ.

'ಬೀರಪ್ಪನಿಗೆ ಹೇಳಿದ್ಯಲ್ಲ, ಹಂಗೇ ಹೇಳು.'

'ಗಟ್ಟಿ ಇದೆ ಅಪ್ಪ. ಸಣ್ಣದು. ಬೇಗ ಹೋದ್ರೆ ಏನಾದ್ರೂ ಮಾಡಬಹುದು.'

'ಹೂಂ' ಅಂದರು. ಗೋಡೆಗೇ ಹೇಳಿದರು, 'ಲಕ್ವ ಹೊಡೆದು ಮಲಗಿದ್ದಾಗ ನಿಮ್ಮವ್ವನ್ನ ನಾನೇ ತೊಳೀತಿದ್ದೆ, ಗೊತ್ತಲ್ಲ. ಒಂದಿನಾನೂ ನನ್ನ ಕಡೆ ತಿರುಗ್ಲಿಲ್ಲ ಅವಳು. ಹಿಂಗೇ ಗೋಡೆ ನೋಡ್ಕಂಡಿರೋಳು. ನಾಚ್ಕೆ ಅಂದ್ಕಂಡಿದ್ದೆ ನಾನು. ನಾಚ್ಕೆ ಅಲ್ಲ ಕಣೇ ಮಲ್ಲಿ. ತೊಳೆಯೋರ ಮುಖ ನೋಡೋದು ಕಷ್ಟ.' ಆಮೇಲೆ, 'ನೀನು ಅಳಬ್ಯಾಡ' ಅಂದರು.

ಅವರು ಹೇಳಿದಮೇಲೆಯೇ ನನಗೆ ಗೊತ್ತಾದದ್ದು. ಸೆರಗು ಒದ್ದೆಯಾಗಿತ್ತು. ಸ್ಟೂಲಿನ ಮೇಲೆ ಕೂತೆ, ತಡೆಯಲು ನೋಡಿದೆ, ಆಗಲಿಲ್ಲ. ಅಪ್ಪ ಕೈ ಹಿಂದಕ್ಕೆ ಚಾಚಿದರು. ಆ ಕೈ ಹಿಡಿದುಕೊಂಡೇ ಅತ್ತೆ. ಅವ್ವನ ಹೆಸರು ಹೇಳಿಕೊಂಡು ಅತ್ತೆ.

ಸಮಾಧಾನವಾದಮೇಲೆ ಏಳಿ ಅಂದೆ. ಅಪ್ಪ ಏಳಲಿಲ್ಲ.

'ಆ ಹುಡುಗನ್ನ ಕರಿ.'

'ಬೇಡ ಅಪ್ಪ. ನಾನು ನೋಡಿದ್ದಾಯ್ತಲ್ಲ.'

'ನೀನು ನೋಡ್ದೆ. ಅವನು ಎಲ್ಲಿ ನೋಡ್ದ? ಇಲ್ಲಿಂದ ಯಾವೂರಿಗೆ ಹೋಗ್ತಾನೋ ಏನೋ, ಅಲ್ಲೂ ನನ್ನಂಥ ಹಠಮಾರಿ ಮುದುಕ ಒಬ್ಬ ಇರ್ತಾನೆ. ಒಂದೇ ಸಲ ಮಲಗೋದು ಅಂಥೋನು. ಕರಿ ಅಂದ್ರೆ ಕರಿ.'

ಈರಭದ್ರಪ್ಪ ಬಂದ. ನನ್ನ ಮುಖ ನೋಡಿದ, ತಲೆ ತಗ್ಗಿಸಿದ. ಬಲಗೈಗೆ ಗ್ಲೌಸ್ ಹಾಕಿಕೊಂಡ. ಅವಸರವಿಲ್ಲ, ನಿಧಾನಕ್ಕೆ ನೋಡು, ಬಲಭಾಗ ಅಂದೆ. ಅವನು ಕಣ್ಣು ಮುಚ್ಚಿಕೊಂಡ. ಅವನ ಬೆರಳು ಹುಡುಕಿತು, ನಿಂತಿತು, ಮತ್ತೆ ಹಿಂದಕ್ಕೆ ಬಂದು ಅಲ್ಲೇ ನಿಂತಿತು. ಅವನ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

'ಸಿಕ್ತೇನಪ್ಪಾ?' ಅಪ್ಪ ಗೋಡೆಯ ಕಡೆಯಿಂದಲೇ ಕೇಳಿದರು.

'ಸಿಕ್ತು ಯಜಮಾನ್ರೆ.'

'ಮರೀಬ್ಯಾಡ' ಅಂದರು ಅಪ್ಪ.